ತಿಸರೆ ಚಿಪ್ಪಿನಡಿ ನವಣೆ

ಅರಗಾದ ನೇವಿ ಕ್ವಾರ್ಟರ್ಸಿನ ಮೇಡಮ್ಮು
ವಿಶಾಖಪಟ್ಟಣಕ್ಕೆ ವರ್ಗವಾಗಿ ಹೊರಟ ದಿನ
ಹೊಲಿಯಲು ಕೊಟ್ಟ ಆರು ಬ್ಲೌಸು ಒಯ್ದು
ಒಂದು ಪಂಜರ ಬಿಟ್ಟು ಹೋದಳು.

ಒಳಗೆ ಒಂದೇ ಕಾಕಟೀಲ್. ಬೂದು ಮೈ,
ಕೆನ್ನೆಗೆ ಯಾರೋ ಕಿತ್ತಳೆ ಕುಂಕುಮ ಒತ್ತಿದ ಹಾಗೆ,
ತಲೆಯ ಮೇಲೆ ಬಿಚ್ಚಿಟ್ಟ ಸೇಫ್ಟಿ ಪಿನ್ನಿನಂಥ ಜುಟ್ಟು.
ಹೆಸರು ಬಿಸ್ಕುಟ್. ಬದಲಿಸಲಿಲ್ಲ.
ಒಮ್ಮೆ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು
ನನ್ನದನ್ನು ಬದಲಿಸಿದ್ದರು. ಅದೊಂದು ಸಾಕು.

ಬಟ್ಟಲು ತುಂಬಾ ಸೂರ್ಯಕಾಂತಿ ಬೀಜ.
ತಿಂದಳು. ಕೂತಳು. ತಿಂದಳು.
ಮಿಕ್ಕ ಹೊತ್ತು ತನ್ನೆದೆಯ ಗರಿ ತಾನೇ ಕಿತ್ತಳು.
ಮೆಷಿನ್ನಿನ ಕೆಳಗೆ, ದಾರದ ತುಂಡುಗಳ ಜೊತೆ
ಬೂದು ಪುಕ್ಕ ಗುಡಿಸುವುದೂ ನನ್ನ ಕೆಲಸವಾಯಿತು.

ದನದ ಆಸ್ಪತ್ರೆಯ ಡಾಕ್ಟರು
ಎಮ್ಮೆ ಬಿಟ್ಟು ಹಕ್ಕಿ ಕಂಡವರಲ್ಲ,
ಆದರೂ ಕನ್ನಡಕ ಹಣೆಗೇರಿಸಿ ಹೇಳಿದರು:
"ಕಾಯಿಲೆ ಅಲ್ಲ ಇದು. ಬೇಸರ.
ಕೈಗೆ ಕೆಲಸ ಕೊಡಿ, ಅಂದರೆ ಕೊಕ್ಕಿಗೆ.
ಊಟ ಬಟ್ಟಲಿಗೆ ಹಾಕಬೇಡಿ. ಬಚ್ಚಿಡಿ."

ಬಚ್ಚಿಡುವುದಾ!
ಬಂಗಡೆಯ ದೊಡ್ಡ ತುಂಡು
ಬಂದವರಿಗೆಂದು ಎತ್ತಿಡುವ ಮನೆ ನಮ್ಮದು.

ದಾರ ಬೇಡ, ಕಾಲಿಗೆ ಸುತ್ತುತ್ತದೆ ಅಂದಿದ್ದರು.
ಹಳೆಯ ಅಳತೆಯ ಕಾಗದ ಕತ್ತರಿಸಿದೆ,
ತೀರಿಹೋದ ಸುಲೋಚನಾಬಾಯಿಯ ತೋಳು, ಮೂವತ್ತೆರಡರ ಬೆನ್ನು,
ಒಂದೊಂದರಲ್ಲಿ ಚಿಟಿಕೆ ನವಣೆ ಸುತ್ತಿ
ಪೆಪ್ಪರ್‌ಮಿಂಟಿನ ಹಾಗೆ ಎರಡೂ ತುದಿ ತಿರುಚಿ
ಸರಳಿಗೆ ಸಿಕ್ಕಿಸಿದೆ.

ಬಿಸ್ಕುಟ್ ಹೆದರಿ ಮೂಲೆ ಹಿಡಿದಳು.
ಮಧ್ಯಾಹ್ನ ಖಾಲಿ ಬಟ್ಟಲೊಳಗೇ ನಿಂತು
ತಳ ಕುಟ್ಟಿದಳು: ಟಕ್. ಟಕ್.
ಆ ಸದ್ದಿಗೆ ನನ್ನ ಹೊಲಿಗೆ ಸೊಟ್ಟಗಾಯಿತು.
ಒಂದು ಮುಷ್ಟಿ ಹಾಕಿಯೇಬಿಟ್ಟೆ.

ಆಮೇಲೆ ಒಂದು ದಿನ, ಕಾಳಿಯಲ್ಲಿ ನೀರಿಳಿದ ಹೊತ್ತು,
ಕೋಡಿಬಾಗದ ಸೇತುವೆಯಿಂದ
ತಿಸರೆ ಆಯುವ ಹೆಂಗಸರ ಬೆನ್ನುಗಳು ಕಂಡವು.
ಆಯಿ ಇದ್ದಿದ್ದರೆ ಅಲ್ಲೇ ಇರುತ್ತಿದ್ದಳು, ಮೊಣಕಾಲ ತನಕ ಕೆಸರು.
ಏಳು ವರ್ಷದ ನನ್ನನ್ನು ಹೊಯಿಗೆಯಲ್ಲಿ ನಿಲ್ಲಿಸಿ
"ಕಣ್ಣು ಯಾಕೆ? ಕಾಲಿಗೆ ಗೊತ್ತಾಗ್ತದೆ, ತುಳಿ" ಅಂದವಳು.
ಹಿಮ್ಮಡಿಯಡಿ ಏನೋ ಗಟ್ಟಿ. ಎತ್ತಿದರೆ ಕಲ್ಲು.
ಇನ್ನೊಂದು ಕಲ್ಲು. ಮತ್ತೂ ಒಂದು.
ಅವಳ ಬುಟ್ಟಿ ತುಂಬಿತ್ತು; ಒಂದನ್ನೂ ಕೊಡಲಿಲ್ಲ.
ಅಳು ಬರುವಷ್ಟರಲ್ಲಿ ನನಗೂ ಎರಡು ಸಿಕ್ಕವು,
ಅಕ್ಕಪಕ್ಕದಲ್ಲೇ, ಅಷ್ಟೇನೂ ಆಳದಲ್ಲಲ್ಲ.
ನಲವತ್ತು ವರ್ಷದ ಮೇಲೆ, ಸೇತುವೆಯ ಮೇಲೆ,
ಅನುಮಾನ ಬಂತು.

ಬೇಲಿಯ ಬುಡದಲ್ಲಿ, ಸಾರು ಮಾಡಿ ಎಸೆದ ಚಿಪ್ಪಿನ ರಾಶಿ.
ಇಪ್ಪತ್ತು ಆಯ್ದು ಕುದಿಸಿ ತೊಳೆದೆ,
ತಟ್ಟೆಯಲ್ಲಿ ಬೋರಲು ಹರಡಿದೆ.
ಕೆಲವದರ ಕೆಳಗೆ ನವಣೆ, ಕೆಲವದರ ಕೆಳಗೆ ಏನೂ ಇಲ್ಲ,
ಒಂದು ಮಾತ್ರ ಓರೆಯಾಗಿ, ಕಾಳು ಕಾಣುವಷ್ಟು.
ಉಗುರಿನಿಂದ ಇನ್ನೊಂದು ಮಗುಚಿ
ನಾಲ್ಕು ನವಣೆ ನಾನೇ ಬಾಯಿಗೆ ಹಾಕಿ ಚಪ್ಪರಿಸಿದೆ.
ಸೀರೆಗೆ ಫಾಲ್ ಹಚ್ಚಿಸಲು ಬಂದ ಅನಸೂಯಾ ತಾಂಡೇಲ್
ಬಾಗಿಲಲ್ಲೇ ನಿಂತು ನೋಡಿ
ನಾಳೆ ಬರುತ್ತೇನೆ ಎಂದು ಹೋದಳು.

ಬಿಸ್ಕುಟ್ ಇಳಿದಳು. ಒಂದು ಕಾಲು. ಇನ್ನೊಂದು ಕಾಲು.
ಚಿಪ್ಪಿನಂಚಿಗೆ ಕೊಕ್ಕು ಕೊಟ್ಟು ಎತ್ತಿದಳು,
ಟಪ್ಪೆಂದು ಬಿತ್ತು, ತಾನೇ ಬೆಚ್ಚಿ ಹಾರಿದಳು,
ಜುಟ್ಟು ನೆಟ್ಟಗೆ.
ಮತ್ತೆ ಬಂದಳು.

ಈಗ ಸುಲೋಚನಾಬಾಯಿಯ ಎರಡೂ ತೋಳು ಮುಗಿದಿವೆ.
ಬೆಳಿಗ್ಗೆಯೆಲ್ಲ ನೆಲದ ಮೇಲೆ ಚಿಪ್ಪಿನ ಸದ್ದು,
ಮೆಷಿನ್ನಿನ ಸದ್ದಿಗೆ ಜಗಳ ಕಾಯುವ ಹಾಗೆ.
ಎದೆಯ ಬೋಳಿನಲ್ಲಿ ಗರಿಯ ಮೊನೆ ಎದ್ದಿದೆ, ಒರಟಾಗಿ.
ಖಾಲಿ ಚಿಪ್ಪು ಸಿಕ್ಕರೆ
ಒಳಗೊಮ್ಮೆ ಇಣುಕಿ, ತಲೆ ಓರೆ ಮಾಡಿ
ನನ್ನತ್ತ ನೋಡುತ್ತಾಳೆ.
ನಾನು ಸೂಜಿಯ ಕಣ್ಣಿಗೆ ದಾರ ಹಿಡಿದು
ಸಿಗುತ್ತಲೇ ಇಲ್ಲವೆಂಬಂತೆ ಕೂರುತ್ತೇನೆ.